ಲೇಖನಿ ಹಿಡಿಯಲಾಗದ ಭೌತವಿಜ್ಞಾನಿ

ಭೌತಶಾಸ್ತ್ರವನ್ನು ವ್ಯಾಸಂಗ ಮಾಡುವವನಿಗೆ ಕಾಗದ ಲೇಖನಿಗಳಿಲ್ಲದೆ ಹೆಜ್ಜೆ ಸಾಗದು. ಒಂದು ಸಮೀಕರಣದಿಂದ ಇನ್ನೊಂದಕ್ಕೆ ಬರೆಬರೆದೇ ದಾಟಬೇಕು. ಬರೆಯುವ ಕೈಯೇ ಸೋತರೆ ಗತಿಯೇನು? ಸ್ಟೀಫನ್ ಹಾಕಿಂಗರಿಗೆ ಈ ಪ್ರಶ್ನೆ ನಿಜವಾಗಿಯೇ ಎದುರಾಯಿತು.

1963ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ಅವರಿಗೆ ಕ್ರೂರವಾದೊಂದು ವ್ಯಾಧಿಯಿರುವುದು ತಿಳಿದುಬಂದಿತು. ಸ್ನಾಯುಗಳಿಗೆ ಆಜ್ಞೆಯನ್ನೊಯ್ಯುವ ನರಕೋಶಗಳು ಕ್ರಮೇಣ ನಶಿಸುವ ರೋಗವದು. ಆಜ್ಞೆ ತಲುಪದ ಸ್ನಾಯು ಸೊರಗುತ್ತ ಹೋಗುತ್ತದೆ. ಆಗ ಅವರ ವಯಸ್ಸು 21. ಇನ್ನೆರಡು ವರ್ಷ ಬದುಕಿಯಾರೆಂಬುದು ವೈದ್ಯರ ಅಂದಾಜು.

ಆ ಕ್ಷಣವೇ ಅವರು ಧೀರರಾಗಿ ಎದ್ದು ನಿಂತರೆಂದು ವಾಚಕರು ಭಾವಿಸಬಾರದು. ಮುಗಿಸಲಾಗದ ಪ್ರಬಂಧಕ್ಕಾಗಿ ದುಡಿದು ಫಲವೇನೆಂಬ ವಿಷಾದ ಅವರನ್ನು ಕವಿಯಿತು. ವಾಗ್ನರನ ಸಂಗೀತವನ್ನು ಕೇಳುತ್ತ ಕುಳಿತುಬಿಡುತ್ತಿದ್ದರು. ಆಸ್ಪತ್ರೆಯಲ್ಲಿ ಎದುರು ಮಂಚದ ಹುಡುಗನೊಬ್ಬನು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡುದನ್ನು ಅವರು ಕಂಡಿದ್ದರು. ತಮ್ಮ ಪಾಡಿಗೆ ಮರುಗುವಾಗಲೆಲ್ಲ ಆ ಹುಡುಗನ ನೆನಪು ಬರುತ್ತಿತ್ತಂತೆ. ಕೊನೆಗೆ ಅವರನ್ನು ಕೆಲಸಕ್ಕೆ ಹಚ್ಚಿದ್ದು ಜೇನ್ ವೈಲ್ಡ್ ಎಂಬ ಯುವತಿಯೊಡನೆ ನಡೆದ ನಿಶ್ಚಿತಾರ್ಥ. ಮದುವೆಯಾಗಲು ಉದ್ಯೋಗ ಬೇಕು, ಉದ್ಯೋಗಕ್ಕೆ ಪದವಿ ಬೇಕು! ಹೀಗೆ ತೊಡಗಿದವರಿಗೆ ಕೆಲಸದ ರುಚಿ ಹತ್ತಿತು. 1965ರಲ್ಲಿ ವಿವಾಹ, 1966ರಲ್ಲಿ ಡಾಕ್ಟರೇಟ್.

ವರ್ಷಗಳು ಉರುಳಿದಂತೆ ಬೆರಳುಗಳು ಬರವಣಿಗೆಗೆ ಒದಗದಾದವು. ಉದ್ದುದ್ದನೆಯ ಸಮೀಕರಣಗಳನ್ನು ತಲೆಯಲ್ಲಿ ಹೊರುವುದು ದುಸ್ತರ, ಆಕಾರಗಳನ್ನು ಹೊರಬಹುದು. ಪ್ರಶ್ನೆಗಳನ್ನು ರೇಖಾಗಣಿತದ ಚಿತ್ರಗಳಾಗಿಸಿ ಮನಸ್ಸಿನಲ್ಲೇ ತಿರುಗಿಸಿ ನೋಡುವುದನ್ನು ಹಾಕಿಂಗ್ ರೂಢಿಸಿಕೊಂಡರು. 1970ರ ನವೆಂಬರಿನಲ್ಲಿ, ಮಗಳು ಹುಟ್ಟಿದ ಸ್ವಲ್ಪ ದಿನಗಳಿಗೆ, ಒಂದು ರಾತ್ರಿ ಮಲಗಲು ಹೊರಟಿದ್ದರು. ಹಾಸಿಗೆ ಸೇರುವುದೇ ಅವರಿಗೆ ಬಹಳ ಹೊತ್ತಿನ ಕೆಲಸ. ಆ ಹೊತ್ತಿನಲ್ಲೇ ಒಂದು ಚಿತ್ರ ಹೊಳೆಯಿತು. ಬೆಳಕೂ ಹೊರಬರಲಾರದ ಕೃಷ್ಣವಿವರದ ಅಂಚಿನಲ್ಲಿ ಸಾಗುವ ಕಿರಣಗಳು ಒಂದನ್ನೊಂದು ಸಮೀಪಿಸಲಾರವು. ಆದ್ದರಿಂದ ಆ ಅಂಚಿನ ವಿಸ್ತೀರ್ಣ ಕುಗ್ಗಲಾರದು. ಎರಡು ವಿವರಗಳು ಕೂಡಿದರೆ, ಹೊಸದರ ವಿಸ್ತೀರ್ಣ ಮೊದಲಿನೆರಡರ ಮೊತ್ತಕ್ಕಿಂತ ಕಡಿಮೆಯಾಗದು. 2015ರಲ್ಲಿ ದಾಖಲಾದ ಗುರುತ್ವ ತರಂಗಗಳನ್ನು ವಿಶ್ಲೇಷಿಸಿದಾಗ, 2021ರಲ್ಲಿ ಇದಕ್ಕೆ ಪುಷ್ಟಿ ದೊರೆಯಿತು. (ಕ್ವಾಂಟಂ ನಿಯಮಗಳನ್ನು ಸೇರಿಸಿಕೊಂಡರೆ ವಿವರವು ವಿಕಿರಣ ಸೂಸಿ ಕುಗ್ಗಬಹುದೆಂದು 1974ರಲ್ಲಿ ತೋರಿಸಿದವರೂ ಹಾಕಿಂಗರೇ.)

1985ರಲ್ಲಿ ನ್ಯುಮೋನಿಯಾ ಬಂದು, ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ, ದನಿಯೂ ಹೋಯಿತು. ಅಕ್ಷರಫಲಕದಲ್ಲಿ ಬೇಕಾದ ಅಕ್ಷರವನ್ನು ಮುಟ್ಟಿ ತೋರಿಸಿದಾಗ ಹುಬ್ಬೆತ್ತಿ ಸೂಚಿಸಬೇಕಾಗಿತ್ತು. ಅನಂತರ ಬಂದ ಗಣಕಯಂತ್ರದಿಂದ ನಿಮಿಷಕ್ಕೆ 15 ಪದಗಳವರೆಗೆ ಸಾಧ್ಯವಾಯಿತು. ಧಾರಾಳವಾಗಿ ಮಾತು ಸುರಿಯುವ ನಮ್ಮಂಥ ಉಪನ್ಯಾಸಕರು ಈ ಲೆಕ್ಕವನ್ನು ಗಮನಿಸಬೇಕು! ‘ಎ ಬ್ರೀಫ್ ಹಿಸ್ಟರಿ ಆಫ್ ಟೈಮ್’ ಗ್ರಂಥವನ್ನು ಹೀಗೆ ಮುಗಿಸಿ 1988ರಲ್ಲಿ ಪ್ರಕಟಿಸಿದರು.

ಅವರ ರೋಗದ ಗತಿ ಅಪೂರ್ವವಾಗಿ ನಿಧಾನವಾಗಿತ್ತು. ಪತ್ನಿ, ದಾದಿಯರು, ವಿದ್ಯಾರ್ಥಿಗಳು ನೆರವಿಗಿದ್ದರು. ಇವಾವುವೂ ಇಲ್ಲದ ರೋಗಿಯ ಮುಂದೆ ಹಾಕಿಂಗರ ಹೆಸರೆತ್ತಿ ಗದರುವುದು ಅನ್ಯಾಯವೆಂದು ನನ್ನ ಭಾವನೆ. ಬೆರಳೂ ಸೋತ ಬಳಿಕ ಅವರು ಕೆನ್ನೆಯ ಸ್ನಾಯುವೊಂದರ ಅಲುಗಾಟದಿಂದ ಯಂತ್ರವನ್ನು ನಡೆಸಿದರು. 2018ರ ಮಾರ್ಚ್ 14ರಂದು ತೀರಿಕೊಂಡಾಗ ಅವರಿಗೆ 76 ವರ್ಷ.