ಮಂಕು ಬಣ್ಣದ ಬೈಕಿಗೆ ಮಿರುಗು ಬೇಡ

ಮಗನೋ ಯಜಮಾನರೋ ಮ್ಯಾಟ್ ಬಣ್ಣದ ಬೈಕು ತಂದಿದ್ದಾರೆಯೇ? ಆಯುಧಪೂಜೆಗೆ ತೊಳೆಯುವ ಮುನ್ನ ಇಷ್ಟು ನೆನಪಿಡಿ. ಈ ಬಣ್ಣದ ಮೈ ಕಣ್ಣಿಗೆ ಕಾಣದಷ್ಟು ತರಿತರಿ. ಬೆಳಕು ಚದುರಿ ಮಂಕಾಗಿ ಕಾಣುತ್ತದೆ. ಪಾಲಿಶ್ ಹಚ್ಚಿ ತಿಕ್ಕಿದಿರೋ, ತರಿ ಸವೆದು ಅಲ್ಲಲ್ಲಿ ಮಿರುಗುವ ಕಲೆ ನಿಲ್ಲುತ್ತದೆ. ಆಮೇಲೆ ಆ ಭಾಗಕ್ಕೆ ಪೂರಾ ಹೊಸ ಬಣ್ಣವೇ ಗತಿ!

ಬೈಕನ್ನು ನೆರಳಲ್ಲಿ ನಿಲ್ಲಿಸಿ, ಎಂಜಿನ್ ತಣ್ಣಗಾದ ಮೇಲೆ ಬರೀ ನೀರು ಹಾಯಿಸಿ ಧೂಳು ಇಳಿಸಿ. ಬಕೆಟ್ ನೀರಿಗೆ ವಾಹನದ ಸೌಮ್ಯ ಶಾಂಪೂ ಸ್ವಲ್ಪ ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿ, ತೊಳೆಯಿರಿ. ಪಾತ್ರೆ ತಿಕ್ಕುವ ನಾರು ಬೇಡವೇ ಬೇಡ. ಚೆಲ್ಲಿದ ಪೆಟ್ರೋಲನ್ನು ಕೂಡಲೇ ಒರೆಸಿ. ಒಣಗಿದ ಹಕ್ಕಿಹಿಕ್ಕೆಯನ್ನು ಕೆರೆಯದೆ, ಒದ್ದೆಬಟ್ಟೆ ಹೊದಿಸಿ ನೆನೆಸಿ ತೆಗೆಯಿರಿ. ಪೂಜೆಯ ಅರಿಶಿನ ಕುಂಕುಮ ಟ್ಯಾಂಕಿಗೆ ಬೇಡ, ಕನ್ನಡಿಗೆ ಇಡಿ. ಹಬ್ಬವೂ ಆಯಿತು, ಬಣ್ಣವೂ ಉಳಿಯಿತು.