ಸತ್ತವರ ಹೆಸರು, ಉಳಿದ ಹಾಡು

ಉತ್ತರ ಆಸ್ಟ್ರೇಲಿಯದ ಯೋಲಂಗು ಮೂಲನಿವಾಸಿಗಳಲ್ಲಿ ಸತ್ತವರ ಹೆಸರನ್ನು ಕೆಲಕಾಲ ಉಚ್ಚರಿಸುವಂತಿಲ್ಲ, ಚಿತ್ರವನ್ನೂ ತೋರಿಸುವಂತಿಲ್ಲ. ಹಾಗಿದ್ದರೆ ಗಾಯಕರೊಬ್ಬರು ತೀರಿಕೊಂಡಾಗ ಅವರ ಹಾಡಿನ ಗತಿ?

2017ರ ಜುಲೈನಲ್ಲಿ ಗುರ್ರುಮುಲ್ ತೀರಿಕೊಂಡಾಗ ಎದುರಾದದ್ದು ಇದೇ ಪ್ರಶ್ನೆ. ಎಲ್ಕೊ ದ್ವೀಪದ ಈ ಹುಟ್ಟುಕುರುಡ ಗಾಯಕರು ಎಡಚರು. ಬಲಗೈಯವರ ಗಿಟಾರನ್ನೇ ತಲೆಕೆಳಗಾಗಿ ಹಿಡಿದು ನುಡಿಸುತ್ತಿದ್ದರು. ಹಾಡುತ್ತಿದ್ದದ್ದು ಬಹುಪಾಲು ತಮ್ಮ ನುಡಿಯಲ್ಲೇ. ಕೊನೆಯ ಆಲ್ಬಮ್ 'ಜರಿಮಿರಿ'ಯಲ್ಲಿ ಹಿರಿಯರಿಂದ ಬಂದ ಹಾಡುಗಳಿಗೆ ಪಾಶ್ಚಾತ್ಯ ವಾದ್ಯವೃಂದದ ಜೊತೆ. ಗೆದ್ದಲು ತಿಂದು ಟೊಳ್ಳಾದ ಮರದ ಊದುವಾದ್ಯ 'ಯಿಡಕಿ'. ಅದರ ಲಯವನ್ನು ಇಲ್ಲಿ ನುಡಿಸುವುದು, ನೋಡಿ, ಚೆಲ್ಲೊಗಳು!

ಹೆಸರು ಬಳಸಲು ಅನುಮತಿ ಕೊಡುವ ಹಕ್ಕು ಕುಟುಂಬದವರದು. ಅವರು ಒಪ್ಪಿದರು. 2018ರಲ್ಲಿ 'ಜರಿಮಿರಿ' ಆಸ್ಟ್ರೇಲಿಯದ ಆಲ್ಬಮ್ ಪಟ್ಟಿಯ ತುದಿಗೇರಿತು. ಆ ನೆಲದ ಮೂಲಭಾಷೆಯ ಹಾಡುಗಳು ಅಲ್ಲಿಗೇರಿದ್ದು ಅದೇ ಮೊದಲು.