ಟೇಪ್ ಲೈಬ್ರರಿಯಲ್ಲಿ ದೋಷ ಹುಡುಕುವ ಕ್ರಮ

ಮೈಸೂರಿನಲ್ಲಿ 1891ರಲ್ಲಿ ಪ್ರಾಚ್ಯ ಗ್ರಂಥಾಲಯವಾಗಿ ಆರಂಭಗೊಂಡು ಮುಂದೆ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂದು ಹೆಸರಾದ ಸಂಸ್ಥೆಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅದರ ಪಠ್ಯವನ್ನು ಪ್ರಕಟಿಸಿದರು. ಆ ಗರಿಗಳನ್ನು ಯಾರೋ ಜೋಪಾನವಾಗಿ ಇರಿಸಿದ್ದರಿಂದಲೇ ಅದು ಸಾಧ್ಯವಾಯಿತು. ಇಂದು ಹಸ್ತಪ್ರತಿಗಳ ಸ್ಕ್ಯಾನ್ ಚಿತ್ರಗಳು, ಭಾಷಾ ಸಂಶೋಧಕರು ಸಂಗ್ರಹಿಸುವ ಧ್ವನಿಮುದ್ರಣಗಳು, ಆಸ್ಪತ್ರೆ ಮತ್ತು ವಿಶ್ವವಿದ್ಯಾನಿಲಯಗಳ ದಾಖಲೆಗಳು ಕಂಪ್ಯೂಟರಿನಲ್ಲಿ ಹುಟ್ಟಿ ಅಲ್ಲಿಯೇ ಬೆಳೆಯುತ್ತಿರುವುದರಿಂದ, ಅವುಗಳ ಜೋಪಾನವೂ ಅಷ್ಟೇ ಗಂಭೀರವಾದ ಕೆಲಸವಾಗಿದೆ. ಆ ಕೆಲಸಕ್ಕೆ ಜಗತ್ತಿನ ದೊಡ್ಡ ಸಂಸ್ಥೆಗಳು ಇಂದಿಗೂ ನೆಚ್ಚಿಕೊಂಡಿರುವ ಸಾಧನಗಳಲ್ಲಿ ಕಾಂತೀಯ ಟೇಪ್ ಒಂದು. 2011ರ ಫೆಬ್ರುವರಿಯಲ್ಲಿ ತಂತ್ರಾಂಶದ ದೋಷದಿಂದ ಜಿಮೇಲ್ ಬಳಕೆದಾರರಲ್ಲಿ ಶೇ. 0.02ರಷ್ಟು ಮಂದಿಯ ಅಂಚೆ ಮಾಯವಾದಾಗ, ಗೂಗಲ್ ಅದನ್ನು ಮರಳಿ ಪಡೆದದ್ದು ಟೇಪುಗಳಿಂದಲೇ.

ಟೇಪ್ ಲೈಬ್ರರಿ ಎಂದರೆ ಹಲವು ಕಾರ್ಟ್ರಿಜ್‌ಗಳನ್ನು, ಅಂದರೆ ಟೇಪ್ ಸುತ್ತಿಟ್ಟ ಪೆಟ್ಟಿಗೆಗಳನ್ನು, ಸಾಲುಸಾಲಾದ ಸ್ಲಾಟ್‌ಗಳಲ್ಲಿ ಹೊಂದಿರುವ ಯಂತ್ರ. ಅದರೊಳಗಿನ ರೋಬೋಟ್ ಕೈ ಬೇಕಾದ ಕಾರ್ಟ್ರಿಜ್ಜನ್ನು ಬಾರ್‌ಕೋಡ್ ನೋಡಿ ಗುರುತಿಸಿ ತೆಗೆದು, ಓದಿ ಬರೆಯುವ ಭಾಗವಾದ ಡ್ರೈವ್‌ಗೆ ಹಾಕುತ್ತದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಎಲ್‌ಟಿಒ ಎಂಬ ಮಾದರಿ 2000ದಲ್ಲಿ 100 ಗಿಗಾಬೈಟ್ ಸಾಮರ್ಥ್ಯದಿಂದ ಆರಂಭವಾಯಿತು. 2021ರಲ್ಲಿ ಬಂದ ಅದರ ಒಂಬತ್ತನೆಯ ಪೀಳಿಗೆಯ ಒಂದೇ ಕಾರ್ಟ್ರಿಜ್ 18 ಟೆರಾಬೈಟ್ ಹಿಡಿಯುತ್ತದೆ. ಅದರಲ್ಲಿರುವ ಅರ್ಧ ಅಂಗುಲ ಅಗಲದ ಟೇಪಿನ ಉದ್ದ ಒಂದು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು.

ಬ್ಯಾಕಪ್, ಅಂದರೆ ದತ್ತಾಂಶದ ನಕಲನ್ನು ಟೇಪಿಗೆ ಬರೆಯುವ ಕೆಲಸ, ನಿಂತುಹೋದಾಗ ಮೊದಲ ಅನುಮಾನ ಟೇಪಿನ ಮೇಲೆಯೇ ಹೋಗುವುದು ವಾಡಿಕೆ. ಆದರೆ ಲೈಬ್ರರಿಯಿಂದ ಸರ್ವರಿನವರೆಗಿನ ದಾರಿಯಲ್ಲಿ ಕೇಬಲ್, ಕನೆಕ್ಟರ್, ಸರ್ವರಿನೊಳಗಿನ ಸಂಪರ್ಕ ಕಾರ್ಡ್, ಅದನ್ನು ನಡೆಸುವ ಡ್ರೈವರ್ ತಂತ್ರಾಂಶ, ಬ್ಯಾಕಪ್ ತಂತ್ರಾಂಶ ಎಂಬ ಹಲವು ಮೆಟ್ಟಿಲುಗಳಿದ್ದು, ಎಲ್ಲಿ ಕಡಿತವಾದರೂ ಹೊರಗೆ ಕಾಣುವ ಲಕ್ಷಣ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಆದ್ದರಿಂದ ಯಂತ್ರದ ಮುಂಭಾಗದ ಫಲಕ ಏನು ಹೇಳುತ್ತದೆಂಬುದನ್ನು ಮೊದಲು ಓದಿ, ಅಲ್ಲಿ ಕಾಣುವ ದೋಷ ಸಂಕೇತವನ್ನು ಬರೆದಿಟ್ಟುಕೊಳ್ಳಬೇಕು. ಅದಕ್ಕೂ ಮೊದಲೇ ಯಂತ್ರವನ್ನು ಆರಿಸಿ ಮತ್ತೆ ಹಚ್ಚುವುದು ತಪ್ಪು ಕ್ರಮ. ಹಾಗೆ ಮಾಡಿದಾಗ ಲೈಬ್ರರಿ ಒಮ್ಮೆ ಸರಿಹೋದಂತೆ ಕಂಡರೂ ದೋಷದ ಜಾಡು ಅಳಿಸಿಹೋಗುತ್ತದೆ.

ಫಲಕದಲ್ಲಿ ಎಲ್ಲವೂ ಸರಿಯಾಗಿದ್ದು, ಫಲಕದಿಂದಲೇ ಆಜ್ಞೆ ಕೊಟ್ಟಾಗ ರೋಬೋಟ್ ಕಾರ್ಟ್ರಿಜ್ಜನ್ನು ಸರಾಗವಾಗಿ ಸಾಗಿಸುತ್ತಿದ್ದರೆ, ದೋಷ ಯಂತ್ರದ ಹೊರಗಿದೆ ಎಂದು ಬಹುಮಟ್ಟಿಗೆ ನಂಬಬಹುದು. ಇಲ್ಲಿ ಅನೇಕರನ್ನು ದಿನಗಟ್ಟಲೆ ಕಾಡುವ ಒಂದು ಸಂಗತಿಯನ್ನು ವಿವರವಾಗಿ ಹೇಳಬೇಕು. ಸಣ್ಣ ಲೈಬ್ರರಿಗಳಲ್ಲಿ ರೋಬೋಟಿಗೆ ಬೇರೆ ಕೇಬಲ್ ಇರುವುದಿಲ್ಲ. ಡ್ರೈವ್‌ನ ಕೇಬಲ್ಲಿನಲ್ಲಿಯೇ ಎರಡನೆಯ ಉಪವಿಳಾಸವೊಂದರ ಮೂಲಕ ಅದರ ಆಜ್ಞೆಗಳು ಹರಿಯುತ್ತವೆ. ಒಂದೇ ಸಂಪರ್ಕದಲ್ಲಿ ಹಲವು ಉಪವಿಳಾಸಗಳನ್ನು ಗುರುತಿಸದ ಕಾರ್ಡಿಗೆ ಆ ಕೇಬಲ್ ಜೋಡಿಸಿದರೆ ಸರ್ವರಿಗೆ ಡ್ರೈವ್ ಕಾಣುತ್ತದೆ, ರೋಬೋಟ್ ಕಾಣುವುದಿಲ್ಲ. ಹಾರ್ಡ್ ಡಿಸ್ಕ್‌ಗಳ ಗುಂಪನ್ನು ನಿರ್ವಹಿಸುವ ರೇಡ್ ಕಾರ್ಡಿಗೆ ಲೈಬ್ರರಿಯನ್ನು ಜೋಡಿಸಬಾರದೆಂದು ತಯಾರಕರು ಎಚ್ಚರಿಸುವುದಕ್ಕೆ ಇದೂ ಒಂದು ಕಾರಣ. ಇಂಥ ಸಂದರ್ಭದಲ್ಲಿ ರೋಬೋಟಿನ ಮೋಟಾರನ್ನು ಬಿಚ್ಚಿ ನೋಡಿ ಪ್ರಯೋಜನವಿಲ್ಲ, ಕಾರ್ಡನ್ನೇ ಬದಲಿಸಬೇಕು.

ದೊಡ್ಡ ಲೈಬ್ರರಿಗಳಲ್ಲಿ ಬಳಸುವ ಫೈಬರ್ ಚಾನೆಲ್ ಎಂಬ ಸಂಪರ್ಕದ ಬೆಳಕಿನ ಕೇಬಲ್‌ಗಳಲ್ಲಿ ಮುಖ್ಯ ಶತ್ರು ಧೂಳು. ಕನೆಕ್ಟರಿನ ತುದಿಯಲ್ಲಿ ಕಣ್ಣಿಗೆ ಕಾಣದ ಒಂದು ಕಣವಿದ್ದರೂ ಬೆಳಕು ಕ್ಷೀಣಿಸಿ, ಸಂಪರ್ಕ ಪೂರ್ತಿ ಕಡಿಯದೆ ಬಿಟ್ಟುಬಿಟ್ಟು ಬರುತ್ತದೆ. ಕೇಬಲ್ಲನ್ನು ರ‍್ಯಾಕಿನ ಮೂಲೆಯಲ್ಲಿ ಬಿಗಿಯಾಗಿ ಮಡಚಿದಾಗಲೂ ಹೀಗೆಯೇ ಆಗುತ್ತದೆ. ಸರ್ವರ್ ಮರುಚಾಲನೆಯ ನಂತರ ಡ್ರೈವ್‌ಗಳ ಹೆಸರು ಅದಲುಬದಲಾಗಿ ತಂತ್ರಾಂಶ ತಪ್ಪು ಡ್ರೈವ್ ಹುಡುಕುವುದೂ ಉಂಟು. ಡ್ರೈವ್‌ಗಳನ್ನು ಕ್ರಮಸಂಖ್ಯೆಯ ಆಧಾರದ ಮೇಲೆ ಗುರುತಿಸುವಂತೆ ಹೊಂದಿಸಿದರೆ ಈ ಗೊಂದಲ ತಪ್ಪುತ್ತದೆ.

ಓದುವಲ್ಲಿ ಅಥವಾ ಬರೆಯುವಲ್ಲಿ ದೋಷ ಬಂದಾಗ ತಪ್ಪು ಟೇಪಿನದೋ ಡ್ರೈವ್‌ನದೋ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಅದೇ ಟೇಪನ್ನು ಬೇರೆ ಡ್ರೈವ್‌ನಲ್ಲಿಯೂ, ಬೇರೆ ಟೇಪನ್ನು ಅದೇ ಡ್ರೈವ್‌ನಲ್ಲಿಯೂ ಹಾಕಿ ನೋಡಿದಾಗ ದೋಷ ಯಾವುದನ್ನು ಹಿಂಬಾಲಿಸುತ್ತದೋ ಅದೇ ದೋಷಿ. ಆದರೆ ಕೆಳಗೆ ಬಿದ್ದ ಕಾರ್ಟ್ರಿಜ್ಜನ್ನು ಈ ಪರೀಕ್ಷೆಗೆ ಎಂದೂ ಬಳಸಬಾರದು. ಟೇಪಿನ ತುದಿಯಲ್ಲಿ ಡ್ರೈವ್ ಹಿಡಿದೆಳೆಯುವ ಚಿಕ್ಕ ಲೋಹದ ಪಿನ್ ಇದ್ದು, ಅದು ಸ್ಥಾನ ತಪ್ಪಿದ್ದರೆ ಒಂದು ಕಾರ್ಟ್ರಿಜ್‌ನಿಂದ ಹಲವು ಡ್ರೈವ್‌ಗಳು ಕೆಡಬಹುದು. ಡ್ರೈವ್ ತಾನೇ ಕೇಳಿದಾಗ ಮಾತ್ರ ಕ್ಲೀನಿಂಗ್ ಕಾರ್ಟ್ರಿಜ್ ಬಳಸುವುದು ಸೂಕ್ತ, ಏಕೆಂದರೆ ಅದರ ಉಜ್ಜುವಿಕೆಯಿಂದ ಓದುವ ತಲೆ ಸವೆಯುತ್ತದೆ.

ಒಂಬತ್ತನೆಯ ಪೀಳಿಗೆಯ ಹೊಸ ಟೇಪನ್ನು ಮೊದಲ ಬಾರಿ ಹಾಕಿದಾಗ ಡ್ರೈವ್ ಅದನ್ನು ಅಳೆದು ಹೊಂದಿಸಿಕೊಳ್ಳಲು ಎರಡು ಗಂಟೆಯವರೆಗೂ ತೆಗೆದುಕೊಳ್ಳಬಹುದು. ಇದನ್ನರಿಯದೆ ಡ್ರೈವ್ ಸ್ತಬ್ಧವಾಯಿತೆಂದು ವಿದ್ಯುತ್ ಕಡಿದರೆ ಇಲ್ಲದ ದೋಷವನ್ನು ತಂದುಕೊಂಡಂತಾಗುತ್ತದೆ. ಮಳೆಗಾಲದಲ್ಲಿ ಮೈಸೂರಿನ ಗಾಳಿಯಲ್ಲಿ ತೇವ ಏರುವುದರಿಂದ, ಬೇರೆಡೆ ಇರಿಸಿದ್ದ ಟೇಪುಗಳನ್ನು ತಂದೊಡನೆ ಬಳಸದೆ, ಯಂತ್ರದ ಕೋಣೆಯ ಹವೆಗೆ ಒಂದು ದಿನ ಹೊಂದಿಕೊಳ್ಳಲು ಬಿಡುವುದು ಒಳ್ಳೆಯದು.

ಕೇಬಲ್ ಬದಲಿಸಿದ ದಿನ, ಕಂಡ ಸಂಕೇತ, ಮಾಡಿದ ಒಂದೊಂದೇ ಬದಲಾವಣೆ ಇವನ್ನೆಲ್ಲ ಲೈಬ್ರರಿಯ ಪಕ್ಕದ ಒಂದು ಪುಸ್ತಕದಲ್ಲಿ ದಾಖಲಿಸುವ ಶಿಸ್ತನ್ನು ಸಂಸ್ಥೆಗಳು ಬೆಳೆಸಿಕೊಳ್ಳಬೇಕು. ಕೆಲವು ತಿಂಗಳಿಗೊಮ್ಮೆ ಆಯ್ದ ಕಡತಗಳನ್ನು ಟೇಪಿನಿಂದ ಮರಳಿ ತೆಗೆದು ಮೂಲದೊಡನೆ ಹೋಲಿಸಿ ನೋಡಬೇಕು. ಎಲ್‌ಟಿಒ ಒಂಬತ್ತನೆಯ ಪೀಳಿಗೆಯ ಡ್ರೈವ್ ಎಂಟನೆಯದನ್ನು ಓದಬಲ್ಲದು, ಏಳನೆಯದನ್ನು ಓದಲಾರದು. ಆದ್ದರಿಂದ ಹಳೆಯ ಟೇಪುಗಳ ದತ್ತಾಂಶವನ್ನು ಹೊಸದಕ್ಕೆ ನಕಲಿಸಿ ಪರಿಶೀಲಿಸುವ ಮುನ್ನ ಹಳೆಯ ಡ್ರೈವನ್ನು ಯಾವ ಸಂಸ್ಥೆಯೂ ಗುಜರಿಗೆ ಹಾಕಬಾರದು.